ಇವತ್ತಿನ ಮಟ್ಟಿಗೆ

ತುಂಬಿದ ಕೊಡವನ್ನು ಒಬ್ಬಳೇ ತಲೆಗೆ ಎತ್ತಿಕೊಳ್ಳಲಾರದೆ ಗಾದೆಮ್ಮ ಬೋರಿಂಗಿನ ಕಟ್ಟೆಯ ಬಳಿ ನಿಂತಿದ್ದಳು. ನೀರಿಗೆ ಬಂದ ಹೆಂಗಸರು ಯಾರೂ ಕೈ ಕೊಡಲಿಲ್ಲ. ಎಲ್ಲರ ಕಣ್ಣೂ ಶಾಂತಕುಮಾರಿಯ ಮೇಲಿತ್ತು. ಗಾದೆಮ್ಮನ ಮಗ ಮಾರೇಶ ಕುಡಿದು ಓಡಿಸಿದ ಟ್ರ್ಯಾಕ್ಟರಿಗೆ ಸಿಕ್ಕಿ ಸತ್ತವನು ಶಾಂತಕುಮಾರಿಯ ಗಂಡ.

ಹರಪನಹಳ್ಳಿಯ ಚರ್ಚಿನಲ್ಲಿ ಎಲ್ಲರೆದುರು ‘ಕ್ಷಮಿಸಿದ್ದೇನೆ’ ಎಂದು ಅವಳು ಹೇಳಿದ್ದು ನಿಜ. ಅಂದು ಮನಸ್ಸು ಹಗುರಾಗಿತ್ತು. ಮರುದಿನ ನೋಡಿದರೆ ಸಿಟ್ಟು ಅವಳಿಗಿಂತ ಮುಂಚೆಯೇ ಎದ್ದು ಕೂತಿತ್ತು. ಅಂದಿನಿಂದ ದಿನಾ ನಸುಕಿನಲ್ಲಿ ಮೊಣಕಾಲೂರಿ, “ಯೇಸಪ್ಪಾ, ಇವತ್ತೊಂದಿನ ನಡೆಸು” ಎಂದು ಬೇಡುತ್ತಾಳೆ. ಕೆಲವು ದಿನ ಏನೂ ಸಿಗದೆ ಬರಿಗೈಯಲ್ಲಿ ಏಳುತ್ತಾಳೆ. ನಿನ್ನೆಯೂ ಅಂಥದೇ ದಿನ. ಇದೇ ಗಾದೆಮ್ಮನನ್ನು ಕಂಡು ಉಗುಳಿದ್ದಳು.

ಈಗ ಅವಳು ಮುಂದೆ ಬಂದು ಕೊಡದ ಬುಡಕ್ಕೆ ಕೈ ಹಾಕಿದಳು. ಎತ್ತುವಾಗ ನೀರು ಇಬ್ಬರ ಮೇಲೂ ತುಳುಕಿತು. ಹೇಗೋ ಕೊಡ ತಲೆಗೇರಿತು.

“ನಿನ್ನಿ ನನ್ನ ನೋಡಿ ಉಗುಳಿದ್ಯಲ್ಲ ಯವ್ವಾ,” ಎಂದಳು ಗಾದೆಮ್ಮ, ಅಳುಕುತ್ತ. “ಇವತ್ತು ಕೊಡ ಎತ್ತಿಕೊಟ್ಟಿ. ನಾಳಿ ಏನ್ ಮಾಡ್ತಿ?”

“ನಿನ್ನಿ ನನ್ನ ಕೈಲಾಗ್ಲಿಲ್ಲಬೇ, ಇವತ್ತು ಆತು,” ಎಂದಳು ಶಾಂತಕುಮಾರಿ. “ನಾಳಿ ಮಾತು ನನಗೂ ಗೊತ್ತಿಲ್ಲ. ಎದ್ದು ಮತ್ತ ಕೇಳ್ಕೋಬೇಕು.”