ಅಚ್ಚಿನಲ್ಲಿ ಸಿಕ್ಕ ತಾತ

“ಏನೇ, ಲೈಬ್ರರೀಲಿ ತಾತ ಸಿಕ್ಕಿದ್ರಾ?” ಹೊಲಿಗೆ ಯಂತ್ರದಿಂದ ಕಾಲು ತೆಗೆಯದೆಯೇ ಅಜ್ಜಿ ಕೇಳಿದಳು. ಮೊಮ್ಮಗಳು ಸೀದಾ ಒಳಗೆ ಹೋಗಿ ಗಟಗಟನೆ ನೀರು ಕುಡಿದಳು. ಸಿಕ್ಕಿದ್ದರು. ಸಿಗದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ವಿಶ್ವವಿದ್ಯಾಲಯದ ಲೈಬ್ರರಿಯನ್ ಮೇಡಂ ಕೊಟ್ಟ ಕೆಲಸವದು. ಕಂಡದ್ದನ್ನು, ಕೇಳಿದ್ದನ್ನು ಒರೆಗೆ ಹಚ್ಚಿ ನೋಡುವುದು ಹೇಗೆಂದು ಕಲಿಸುವ ತರಗತಿ. ಮನೆಯವರೆಲ್ಲ ನಂಬಿಕೊಂಡು ಬಂದ ಒಂದು ಕಥೆಯನ್ನು ಹಳೆಯ ದಾಖಲೆಗಳಲ್ಲಿ ಹುಡುಕಿ, ನಿಜವೋ ಸುಳ್ಳೋ ಎಂದು ಎರಡು ಪುಟ ಬರೆಯಬೇಕು. ಗಡುವು ನಾಳೆ ಬೆಳಿಗ್ಗೆ. ಇವಳು ಹಿಂದೆಮುಂದೆ ನೋಡದೆ ತಾತನ ಕಥೆಯನ್ನೇ ಆರಿಸಿಕೊಂಡಿದ್ದಳು. ಗಾಜಿನ ಕಾರ್ಖಾನೆಯ ಮುಷ್ಕರದ ಮುಂದಾಳುಗಳು ಯಾರೆಂದು ಮಾಲೀಕ ಗದರಿಸಿ ಕೇಳಿದಾಗ, ತಾತ ತುಟಿ ಪಿಟಕ್ಕೆನ್ನದೆ ಕೆಲಸ ಕಳೆದುಕೊಂಡ ಕಥೆ. ಅದನ್ನು ಕೇಳಿಕೊಂಡೇ ಬೆಳೆದವಳಿಗೆ, ಅದರಲ್ಲಿ ಪರೀಕ್ಷಿಸುವುದೇನಿದೆ ಅನ್ನಿಸಿತ್ತು.

“ಹರಳೆಣ್ಣೆ ಕುಡಿದವಳ ಥರ ಮುಖ ಯಾಕೆ ಮಾಡ್ಕೊಂಡಿದ್ದೀಯ?”

“ತಾತ ಹೆಸರು ಕೊಟ್ಟಿದ್ರಂತೆ, ಅಜ್ಜಿ.” ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಅಂದೇಬಿಟ್ಟಳು. “ಆರು ಜನರ ಹೆಸರು. ತಾತನ ಹೆಸರು, ಕಾರ್ಖಾನೆಯ ಟೋಕನ್ ನಂಬರ್ ಸಮೇತ ಪೇಪರಲ್ಲೇ ಬಂದಿದೆ.”

ಯಂತ್ರ ನಿಂತಿತು. ಅಜ್ಜಿ ಬೈಯಲಿಲ್ಲ, ಅಳಲೂ ಇಲ್ಲ. ದಾರ ಕತ್ತರಿಸಿ ಬಟ್ಟೆಯನ್ನು ಪಕ್ಕಕ್ಕಿಟ್ಟಳು.

“ಆ ಪೇಪರು ಯಾರ್ದು?”

ಮೊಮ್ಮಗಳು ಪತ್ರಿಕೆಯ ಹೆಸರು ಹೇಳಿದಳು.

“ಹೆಸರು ನಂಗೂ ಗೊತ್ತು ಕಣೇ. ಅದರ ಯಜಮಾನ ಯಾರು?”

ಅಯ್ಯೋ, ಅದನ್ನೆಲ್ಲ ಯಾರು ನೋಡುತ್ತಾರೆ! ಅಚ್ಚಾಗಿದೆ, ತಾರೀಖಿದೆ, ಐವತ್ತು ವರ್ಷ ಹಳೆಯದು. ಇನ್ನೇನು ಬೇಕು ಅಂದುಕೊಂಡಿದ್ದಳು. ಪುಣ್ಯಕ್ಕೆ ನಾಲ್ಕೂ ಪುಟಗಳ ಫೋಟೋ ಮೊಬೈಲಿನಲ್ಲಿತ್ತು. ಕೊನೆಯ ಪುಟದ ಬುಡದಲ್ಲಿ ಇರುವೆ ಸಾಲಿನಂತಿದ್ದ ಅಕ್ಷರಗಳನ್ನು ದೊಡ್ಡದು ಮಾಡಿ ಓದಿದಳು. ಮುದ್ರಕ, ಪ್ರಕಾಶಕ, ಮಾಲೀಕ, ಮೂರೂ ಒಬ್ಬನೇ. ಮೊದಲ ಪುಟದಲ್ಲಿ ‘ಕಾರ್ಖಾನೆಯ ದಯಾಳು ಧಣಿ’ ಎಂದು ಹೊಗಳಿಸಿಕೊಂಡಿದ್ದವನೂ ಅವನೇ.

“ಹೆಸರು ಕೊಡಲ್ಲ ಅಂದಿದ್ದಕ್ಕೆ, ಕೊಟ್ಟ ಅಂತ್ಲೇ ಅಚ್ಚು ಹಾಕಿಸಿದ ಪುಣ್ಯಾತ್ಮ,” ಎಂದಳು ಅಜ್ಜಿ. “ಅದನ್ನ ನಂಬಿ ಜೊತೆಗಾರರೇ ಎರಡು ವರ್ಷ ನಿಮ್ಮ ತಾತನ್ನ ಮಾತಾಡಿಸ್ಲಿಲ್ಲ. ನನ್ನ ಹತ್ರ ಬಟ್ಟೆ ಹೊಲಿಸೋಕೂ ಒಂದು ನರಪಿಳ್ಳೆ ಬರ್ಲಿಲ್ಲ.”

“ಇದನ್ನ ಇಷ್ಟು ವರ್ಷ ಯಾಕೆ ಹೇಳ್ಲೇ ಇಲ್ಲ ನೀನು?”

“ಹೇಳ್ಬೇಕು ಅಂದ್ರೆ ಮೊದ್ಲು ಆ ಪೇಪರ್ ವಿಷ್ಯ ಎತ್ಬೇಕಿತ್ತಲ್ಲ.”

ಮೊಮ್ಮಗಳಿಗೆ ಹೋದ ಜೀವ ಬಂದಂತಾಯಿತು. ದಾರಿಯಲ್ಲಿ ಬಸ್ಸಿನಲ್ಲೇ ಕೂತು ‘ನಮ್ಮ ಮನೆಯ ಕಥೆ ಸುಳ್ಳು’ ಎಂದು ಬರೆದಿದ್ದ ಹಾಳೆಯನ್ನು ಪರಪರ ಹರಿದಳು. ಹೊಸ ಹಾಳೆ ತೆಗೆದು, ಪತ್ರಿಕೆಯ ಯಜಮಾನನ ಹೆಸರನ್ನು ಮೊದಲು ಬರೆದು ಅಡಿಗೆರೆ ಎಳೆದಳು. “ಪೇಪರು ಸುಳ್ಳು, ನಮ್ಮಜ್ಜಿ ಹೇಳಿದ್ದೇ ನಿಜ ಅಂತ ಬರೀತೀನಿ. ಮೇಡಂ ಪೂರ್ತಿ ಮಾರ್ಕ್ಸ್ ಕೊಡ್ದೆ ಎಲ್ಲಿಗೆ ಹೋಗ್ತಾರೆ!”

“ತಡಿಯೇ, ಅವಸರಕ್ಕೆ ಹುಟ್ಟಿದೋಳೇ.” ಅಜ್ಜಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. “ಪೇಪರು ಯಾರ್ದು ಅಂತ ಬರೆದ್ಯಲ್ಲ, ಅದರ ಕೆಳಗೇ ಇದನ್ನೂ ಬರಿ. ಇಷ್ಟೂ ಹೇಳಿದವಳು ತಾತನ ಹೆಂಡತಿ ಅಂತ.”