ರಾಣಿ ಬಿದ್ದರೆ ಕಾರು

ಬಸ್ ನಿಲ್ದಾಣದಲ್ಲಿ ನಿಂತಿದ್ದ ಲೆಸ್ಯಾಳ ಮುಂದೆ ಕಾರು ನಿಲ್ಲಿಸಿ ಡಾಕ್ಟರ್ ಎಲ್ಡನ್ ಪೆನ್ನರ್ ಗಾಜು ಇಳಿಸಿದ. ಕೆನಡಾದ ವಿನ್ನಿಪೆಗ್‌ನ ಜನವರಿ ಗಾಳಿ ಒಳಗೆ ನುಗ್ಗಿತು.

"ಹತ್ತು, ಲೆಸ್ಯಾ. ಬಸ್ಸು ಬರೋ ಹೊತ್ತಿಗೆ ಹೆಪ್ಪುಗಟ್ಟಿದ ಕೆರೆಯ ಮೀನಿನ ಥರ ನಿನ್ನನ್ನ ಐಸ್ ಕೊರೆದು ಎತ್ಬೇಕಾಗತ್ತೆ."

"ಸಮಿತಿ ಸಭೆ ಆಗೋವರೆಗೆ ನಂದು ಬಸ್ಸು. ಪ್ರತಿ ಸಲಾನೂ ಹೀಗೇ ತಾನೆ. ನಡಿ ನೀನು."

ಇಬ್ಬರದೂ ಒಂದೇ ಆಸ್ಪತ್ರೆ, ಒಂದೇ ಬೀದಿ, ಎಷ್ಟೋ ವರ್ಷಗಳಿಂದ ಒಂದೇ ಕಾರು. ಎಲ್ಡನ್‌ನ ಔಷಧ ಪ್ರಯೋಗದಲ್ಲಿ ರಕ್ತದ ಕ್ಯಾನ್ಸರಿನ ನಾನೂರು ರೋಗಿಗಳಿದ್ದರು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಹೊಸ ಔಷಧ, ಉಳಿದವರಿಗೆ ಹಳೆಯದು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಎಲ್ಡನ್‌ಗೂ ಗೊತ್ತಿಲ್ಲ. ನಡುನಡುವೆ ಗುಟ್ಟಿನ ಪಟ್ಟಿ ತೆರೆದು, ಯಾವ ಗುಂಪಿನಲ್ಲಿ ಎಷ್ಟು ಸಾವು ಎಂದು ನೋಡಿ, ಪ್ರಯೋಗ ಮುಂದುವರಿಸಬೇಕೇ ಎಂದು ತೀರ್ಮಾನಿಸುವ ಸಮಿತಿಗೆ ಒಪ್ಪಿಸುವವಳು ಸಂಖ್ಯಾಶಾಸ್ತ್ರಜ್ಞೆ ಲೆಸ್ಯಾ ಒಬ್ಬಳೇ. ಅಂದು ಮಧ್ಯಾಹ್ನ ನೋಡಿದ್ದಳು.

"ಟ್ರೂಡಿಗೂ ಅದೇ ಕಾಯಿಲೆ," ಎಂದ ಎಲ್ಡನ್. ಟ್ರೂಡಿ ಅವನ ತಂಗಿ. "ನಾಳೆ ಬೆಳಿಗ್ಗೆ ಪ್ರಯೋಗಕ್ಕೆ ಸಹಿ ಹಾಕ್ತಾಳೆ. ಬೇಡ ಅನ್ನೋದಾದ್ರೆ ನಾನು ಇವತ್ತೇ ಅನ್ಬೇಕು."

ಲೆಸ್ಯಾ ಮಫ್ಲರನ್ನು ಕಣ್ಣಿನವರೆಗೆ ಎಳೆದು ಸುತ್ತಿಕೊಂಡಳು.

"ನೀನು ಬಾಯಿ ಬಿಡೋದೇನೂ ಬೇಡ. ಹೊಸ ಔಷಧ ಕೆಲಸ ಮಾಡ್ತಿದ್ರೆ ಕಾರು ಹತ್ತು. ಇಲ್ಲಾಂದ್ರೆ ಅಲ್ಲೇ ನಿಂತಿರು. ಅಷ್ಟೇ."

ಈಗ ಸುಮ್ಮನೆ ನಿಂತರೂ ಅದು ಉತ್ತರವೇ. ತಿರುಗಿ ನಡೆದರೂ ಉತ್ತರವೇ.

"ನಿನಗೆ ಗೊತ್ತಾದ್ರೆ ಪ್ರಯೋಗ ಅಲ್ಲಿಗೆ ಕೆಟ್ಟಿತು. ಅದ್ರಲ್ಲಿ ಸತ್ತವರು ಸುಮ್ಮನೆ ಸತ್ತ ಹಾಗೆ."

"ಮೊದಲು ಲ್ಯಾಬಿನಲ್ಲಿ ಇಲಿಗೆ ವಿಷ ಹಾಕಿ ಹೆಣ ಎಣಿಸ್ತಿದ್ದವಳು ನೀನು. ಆಮೇಲೆ ಜೀವಕೋಶದ ಜೀನ್ ಎಣಿಸ್ದೆ. ಮನುಷ್ಯರ ಸಂಕಟ ನಿನಗೆಲ್ಲಿ ಗೊತ್ತಾಗ್ಬೇಕು."

"ಇಲಿಗಳು ಇಷ್ಟು ಮಾತಾಡ್ತಿರ್ಲಿಲ್ಲ ಬಿಡು." ಅವಳು ಕೈಗವಸು ಕಿತ್ತು ಜೇಬಿನಿಂದ ಒಂದು ಡಾಲರಿನ ನಾಣ್ಯ ತೆಗೆದಳು; ಒಂದು ಮುಖದಲ್ಲಿ ರಾಣಿಯ ತಲೆ, ಇನ್ನೊಂದರಲ್ಲಿ ನೀರುಹಕ್ಕಿ. "ನೋಡ್ಕೋ. ರಾಣಿ ಬಿದ್ರೆ ಕಾರು, ಹಕ್ಕಿ ಬಿದ್ರೆ ಬಸ್ಸು. ನಾನು ಹತ್ತಿದ್ರೂ ನಿನಗೇನೂ ಗೊತ್ತಾಗಲ್ಲ, ನಿಂತ್ರೂ ಗೊತ್ತಾಗಲ್ಲ."

"ನನ್ನ ತಂಗಿ ಜೀವ ಕಣೇ ಅದು. ನಾಣ್ಯ ಚಿಮ್ಮುತ್ತೀಯಾ?"

"ನಾನೂರು ಜನಕ್ಕೂ ನೀನು ಮಾಡಿದ್ದು ಇದೇ ಅಲ್ವಾ? ಅವರೂ ಯಾರದೋ ತಂಗಿಯರೇ."

ಕಾರಿನ ಹಿಂದೆ ಬಂದು ನಿಂತ ಬಸ್ಸು ಹಾರ್ನ್ ಹೊಡೆಯಿತು. ನಾಣ್ಯ ಚಿಮ್ಮಿ, ತುಳಿದು ಕಲ್ಲಾಗಿದ್ದ ಹಿಮದ ಮೇಲೆ ಟಣ್ಣೆಂದು ಬಿತ್ತು. ಎಲ್ಡನ್ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ನೋಡಿದ.

ರಾಣಿ.

ಲೆಸ್ಯಾ ಹತ್ತಿ ಬೆಲ್ಟ್ ಹಾಕಿಕೊಂಡಳು. "ಗಾಜು ಏರಿಸು. ರಸ್ತೆ ನೋಡ್ಕೊಂಡು ಓಡಿಸು."

ಎಲ್ಡನ್ ರಸ್ತೆ ನೋಡಲಿಲ್ಲ. ಕೆಂಪು ದೀಪ ಬಂದಾಗಲೆಲ್ಲ ಅವಳತ್ತ ತಿರುಗಿ ಮುಖದಲ್ಲಿ ಉತ್ತರ ಹುಡುಕಿದ. ಹೀಟರು ಪೂರ್ತಿ ಉರಿಯುತ್ತಿತ್ತು. ಲೆಸ್ಯಾಳ ಹಣೆಯಿಂದ ಬೆವರು ಹುಬ್ಬಿಗಿಳಿಯಿತು. ಕಣ್ಣಿನವರೆಗೆ ಸುತ್ತಿದ್ದ ಮಫ್ಲರನ್ನು ಮನೆ ಬರುವವರೆಗೂ ಅವಳು ಬಿಚ್ಚಲಿಲ್ಲ.