ಜೀಪಿನಲ್ಲಿ ಆರು ಸೀಟು

ನಾದಿನಿಯ ಮಂಚದ ಕೆಳಗೆ ಕಾಕಿ ಅಂಗಿ ಸಿಕ್ಕಿತು. ಹೊಸದು, ಇಸ್ತ್ರಿ ಮಾಡಿದ್ದು, ಎದೆಯ ಮೇಲೆ ಎರಡು ದೊಡ್ಡ ಜೇಬು. ಸೊಸೆ ಅದನ್ನು ಮೂಸಿ ನೋಡಿದಳು. ಗಂಡಸಿನ ವಾಸನೆ ಇರಲಿಲ್ಲ. ಇನ್ನೂ ಅವನ ಕೈಗೆ ಕೊಟ್ಟಿಲ್ಲ, ಅಂದುಕೊಂಡಳು.

ಅವಳು ಅಲ್ಲಿ ಬಗ್ಗಿದ್ದು ಬೈನಾಕ್ಯುಲರ್ ಹುಡುಕಲು. ನಾಳೆ ಬೆಳಿಗ್ಗೆ ಮನೆಯವರೆಲ್ಲ ರಾಷ್ಟ್ರೀಯ ಉದ್ಯಾನ ನೋಡಲು ಹೊರಡುವವರಿದ್ದರು. ಎಲ್ಲರೂ ಅಂದರೆ, ನಾದಿನಿಯೊಬ್ಬಳನ್ನು ಬಿಟ್ಟು.

ಸಫಾರಿ ಜೀಪಿನಲ್ಲಿ ಡ್ರೈವರ್, ಗೈಡ್ ಬಿಟ್ಟರೆ ಇರುವುದು ಆರೇ ಸೀಟು. ಮನೆಯಲ್ಲಿ ಏಳು ಜನ. ಮಕ್ಕಳಿಬ್ಬರನ್ನು ಬಿಡುವಂತಿಲ್ಲ, ಬಿಟ್ಟರೆ ಮನೆ ಉಳಿಯುವುದಿಲ್ಲ. ಮಿಕ್ಕ ಐವರಲ್ಲಿ ಯಾರೂ ಜಗ್ಗಲಿಲ್ಲ. ಹುಲಿ ನೋಡದೆ ಕಣ್ಣು ಮುಚ್ಚುವುದಿಲ್ಲ ಎಂದು ಮಾವ ಹಟ ಹಿಡಿದರು. "ನಲವತ್ತು ವರ್ಷ ನಿಮ್ಮನ್ನೇ ನೋಡಿದ್ದಾಯ್ತು, ನನಗೂ ಬೇರೆ ಪ್ರಾಣಿ ತೋರಿಸಿ" ಎಂದರು ಅತ್ತೆ. ಗಂಡ ಆಗಲೇ ಕ್ಯಾಮೆರಾ ಕತ್ತಿಗೆ ಹಾಕಿಕೊಂಡು ಕೂತಿದ್ದ. ಕೊನೆಗೆ ಚೀಟಿ ಎತ್ತುವುದೆಂದಾಯಿತು.

ಚೀಟಿ ಬರೆದದ್ದು ಸೊಸೆ. ಡಬ್ಬಿಯೊಳಗೆ ನಾಲ್ಕು ಚೀಟಿ, ನಾಲ್ಕರಲ್ಲೂ 'ಕಾಡು'. 'ಮನೆ' ಎಂದು ಬರೆದ ಐದನೆಯದು ಅವಳ ಅಂಗೈಯಲ್ಲಿ. ನಾದಿನಿ ಊಟಕ್ಕೂ ಕೊನೆ, ಸ್ನಾನಕ್ಕೂ ಕೊನೆ. ಡಬ್ಬಿಗೂ ಕೊನೆಗೇ ಕೈ ಹಾಕುತ್ತಾಳೆಂದು ಗೊತ್ತಿತ್ತು. ಹಾಗೇ ಆಯಿತು; ಅದಕ್ಕೆ ಮುಂಚೆ ತನ್ನ ಸರದಿಯಲ್ಲಿ ಸೊಸೆ ಉಳಿದ 'ಕಾಡು' ಎತ್ತಿಕೊಂಡು 'ಮನೆ'ಯನ್ನು ಡಬ್ಬಿಗೆ ಜಾರಿಸಿದ್ದಳು. ಹುಡುಗಿ ಚೀಟಿ ಬಿಚ್ಚಿದಳು. ಅತ್ತಿಗೆಯ ಕೈಯನ್ನೊಮ್ಮೆ ನೋಡಿದಳು. "ಸರಿ, ನೀವೆಲ್ಲ ಹೋಗಿ ಬನ್ನಿ" ಎಂದಳು. ಅಳಲಿಲ್ಲ, ಮುಖ ಊದಿಸಲಿಲ್ಲ.

ಸೊಸೆಗೆ ಚುಚ್ಚುತ್ತಿದ್ದದ್ದು ಅದೇ. ಮನೆಯಲ್ಲಿ ಕಾಡಿನ ಹುಚ್ಚು ಇದ್ದದ್ದೇ ಅವಳೊಬ್ಬಳಿಗೆ. ಓದು ಅರ್ಧಕ್ಕೆ ಬಿಟ್ಟು ಮೂಲೆ ಸೇರಿದ ಹುಡುಗಿ, ಈ ಪ್ರವಾಸದ ಮಾತು ಬಂದಾಗ ಮಾತ್ರ ಬಾಯಿ ಬಿಟ್ಟಿದ್ದಳು. ಉದ್ಯಾನದ ಕಚೇರಿಗೆ ಫೋನ್ ಮಾಡಿದ್ದು, ಜೀಪು ಗೊತ್ತು ಮಾಡಿದ್ದು ಎಲ್ಲ ಅವಳೇ. ಅಂಥವಳು ತುಟಿಪಿಟಕ್ಕೆನ್ನದೆ ಸೀಟು ಬಿಟ್ಟುಕೊಟ್ಟರೆ ಒಳಗೇನೋ ಇರಲೇಬೇಕು.

ಆ ಒಳಗಿನದು ಈಗ ಮಂಚದ ಕೆಳಗೆ ಸಿಕ್ಕಿತ್ತು. ಸೊಸೆ ಕಡ್ಡಿಗೆ ಕಡ್ಡಿ ಜೋಡಿಸಿದಳು. ಹೋದ ತಿಂಗಳು ಹೊಲಿಗೆ ಕಲಿಯುತ್ತೇನೆಂದು ಗೆಳತಿಯ ಊರಿಗೆ ಹೋಗಿ ಹದಿನೈದು ದಿನ ಇದ್ದು ಬಂದಳು. ಬಂದಾಗ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು. ಹೊಲಿಗೆ ಮೆಷೀನನ್ನು ಬಯಲಲ್ಲಿಟ್ಟು ಕಲಿಸುತ್ತಾರೆಯೇ? ಆಮೇಲೆ ಹಿತ್ತಲಲ್ಲಿ ನಿಂತು ಫೋನು. "ಹ್ಞೂಂ ಸಾರ್. ಇಲ್ಲ ಸಾರ್, ಮನೇಲಿ ಹೇಳಿಲ್ಲ. ಹೇಳಿದ್ರೆ ಬಿಡಲ್ಲ." ಅದರ ಮೇಲೆ ಶಿಳ್ಳೆ ಬೇರೆ. ದಿನಕ್ಕೊಂದು ತರಹದ ಶಿಳ್ಳೆ.

ಸಾರ್, ಕಾಕಿ, ಶಿಳ್ಳೆ. ಪೊಲೀಸಿನವನೋ, ಬಸ್ ಕಂಡಕ್ಟರೋ. ನಾಳೆ ಮನೆ ಖಾಲಿ. ಹುಡುಗಿ ಓಡಿಹೋಗುತ್ತಾಳೆ.

ಹೇಳಿಬಿಡೋಣ ಎಂದುಕೊಂಡು ಸೊಸೆ ಅಡುಗೆಮನೆಯವರೆಗೂ ಬಂದಳು. ಹೇಳಿದರೆ ಪ್ರವಾಸ ನಿಲ್ಲುತ್ತದೆ. ಇವಳ ಪಾಲಿಗೆ 'ಮನೆ' ಬಂದದ್ದು ಹೇಗೆ ಎಂದು ಯಾರಾದರೂ ಕೇಳಿದರೆ? ಬಾಯಿಗೆ ಬಂದದ್ದನ್ನು ನುಂಗಿದಳು.

ನಾದಿನಿ ಚೀಲ ತುಂಬುತ್ತಿದ್ದಳು. ಅವಳೇ ಬರೆದ ಪಟ್ಟಿ ಗೋಡೆಯ ಮೇಲಿತ್ತು: ಕಣ್ಣು ಕುಕ್ಕುವ ಬಣ್ಣ ಬೇಡ. ಸೆಂಟು ಬೇಡ. ಗುರುತಿನ ಚೀಟಿ ಮರೆಯಬೇಡಿ. ಅಪ್ಪನಿಗಾಗಿ ಮುಕ್ಕಾಲು ಗಂಟೆಗೊಮ್ಮೆ ವ್ಯಾನ್ ನಿಲ್ಲಿಸಿ. ಜೀಪಿನಿಂದ ಇಳಿಯಬಾರದು. ಗೈಡ್ ಹೇಳಿದ ಮಾತು ಮೀರಬಾರದು. ಕೊನೆಯದರ ಕೆಳಗೆ ಎರಡು ಗೆರೆ.

"ಬೈನಾಕ್ಯುಲರ್ ಎಲ್ಲೇ?"

"ಅಲ್ಲೇ ಸಿಗುತ್ತೆ ಬಿಡಿ ಅತ್ತಿಗೆ."

"ನಾಳೆ ಒಬ್ಬಳೇ ಏನ್ ಮಾಡ್ತೀಯಾ?"

"ಒಬ್ಬಳೇ ಯಾಕಿರ್ತೀನಿ?"

ಸೊಸೆ ಒಂದು ಹೆಜ್ಜೆ ಹತ್ತಿರ ಬಂದಳು. ನಾದಿನಿ ಚೀಲದ ಬಾಯಿ ಕಟ್ಟುತ್ತ ಹೇಳಿದಳು: "ಪಕ್ಕದ್ಮನೆಯವರು ಇರ್ತಾರಲ್ಲ."

ಆ ಪಕ್ಕದ ಮನೆಯಾಕೆಗೇ ಸೊಸೆ ಸಂಜೆ ಗುಟ್ಟಾಗಿ ಕಾವಲು ಒಪ್ಪಿಸಿದಳು.

ಮರುದಿನ ವ್ಯಾನು ಮಾವನ ಕೃಪೆಯಿಂದ ಏಳು ಕಡೆ ನಿಂತು, ಮಧ್ಯಾಹ್ನ ಉದ್ಯಾನದ ಗೇಟು ಮುಟ್ಟಿತು. ಇಳಿಯುತ್ತಿದ್ದಂತೆ ಸೊಸೆಯ ಫೋನ್ ಬಡಿದುಕೊಂಡಿತು. ಪಕ್ಕದ ಮನೆಯಾಕೆ.

"ಎಷ್ಟೊತ್ತಿಂದ ಮಾಡ್ತಿದೀನಿ, ಹತ್ತೋದೇ ಇಲ್ವಲ್ಲ ನಿಮ್ಮ ಫೋನು. ನಿಮ್ಮ ವ್ಯಾನ್ ತಿರುವು ದಾಟಿತ್ತೋ ಇಲ್ವೋ, ಬೈಕಲ್ಲಿ ಕಾಕಿಯವನೊಬ್ಬ ಬಂದ. ನಿಮ್ಮ ಹುಡುಗಿ ಬೀಗ ಹಾಕಿ ಹತ್ಕೊಂಡು ಹೋದ್ಲು. ನಗ್ತಾ ಇದ್ಲು ರೀ."

ಸೊಸೆ ಫೋನ್ ಕಟ್ ಮಾಡಿದಳು. ಎದುರಿಗೆ ಅವರಿಗೆಂದು ಗೊತ್ತು ಮಾಡಿದ್ದ ಏಳನೇ ನಂಬರಿನ ಜೀಪು ನಿಂತಿತ್ತು. ಈಗ ಹೇಳಿದರೆ ಎಲ್ಲರೂ ವಾಪಸ್. ಸಫಾರಿ ಮುಗಿದ ಮೇಲೆ ಹೇಳಿದರೂ ಓಡಿಹೋದವಳು ಓಡಿಹೋದವಳೇ. ಅವಳು ಫೋನನ್ನು ಚೀಲದ ತಳಕ್ಕೆ ತುರುಕಿದಳು.

"ಯಾರದಮ್ಮಾ?" ಎಂದರು ಅತ್ತೆ.

"ರಾಂಗ್ ನಂಬರು."

ಜೀಪಿನ ಮುಂದಿನ ಸಾಲಿನ ತುದಿಯ ಸೀಟು ಎಲ್ಲರಿಗೂ ಬೇಕಿತ್ತು. ಮಾವ ಒಂದು ಕಾಲಿಟ್ಟರು, ಗಂಡ ಕ್ಯಾಮೆರಾ ಇಟ್ಟ, ಸೊಸೆ ಚೀಲ ಎಸೆದಳು. ಕಾಕಿ ತೊಟ್ಟ ಡ್ರೈವರ್ ಆಕಳಿಸಿದ.

"ಜಗಳ ಆಡಬೇಡಿ. ಗೈಡ್ ಬರ್ಲಿ, ಅವರು ಹೇಳ್ದಂಗೆ ಕೂರಬೇಕು."

"ಹಳಬರೇನಪ್ಪಾ?" ಮಾವ ಕೇಳಿದರು.

"ಇವತ್ತೇ ಮೊದಲ ದಿನ. ಹೋದ ತಿಂಗಳು ತರಬೇತಿ ಮುಗಿಸಿದ್ರು. ಬೆಳಿಗ್ಗೆ ನನ್ನ ಬೈಕಲ್ಲೇ ಬಂದ್ರು. ಈ ಜೀಪೇ ಬೇಕು ಅಂತ ಸಾಹೇಬರನ್ನ ಕೇಳಿ ಹಾಕಿಸ್ಕೊಂಡಿದಾರೆ."

ಹಿಂದಿನಿಂದ ಶಿಳ್ಳೆ ಕೇಳಿಸಿತು. ಮರದ ಮೇಲಿನ ಹಕ್ಕಿಯೊಂದು ಅದಕ್ಕೆ ಉತ್ತರ ಕೊಟ್ಟಿತು. ಸೊಸೆ ನಿಧಾನವಾಗಿ ತಿರುಗಿದಳು: ಎರಡು ದೊಡ್ಡ ಜೇಬು, ಕೊರಳಲ್ಲಿ ಮನೆಯದೇ ಬೈನಾಕ್ಯುಲರ್, ಕೈಯಲ್ಲಿ ಒಂದು ಡಬ್ಬಿ.

"ತುದಿ ಸೀಟಿಗೆ ಚೀಟಿ ಎತ್ತೋಣ," ಎಂದಳು ಗೈಡ್. "ಅತ್ತಿಗೆ, ಮೊದಲು ನಿಮ್ಮ ಅಂಗೈ ತೋರಿಸಿ."